ಊಟ ಆಯ್ತಾ, ಓವರ್

ಬಂಡೀಪುರದ ಕಾಡಿನೊಳಗಿನ ನಮ್ಮ ಅರಣ್ಯ ಇಲಾಖೆ ಕ್ಯಾಂಪುಗಳಲ್ಲಿ ರಾತ್ರಿ ಎಂಟಕ್ಕೆ ವಾಕಿಟಾಕಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದೆವು. "ಊಟ ಆಯ್ತಾ? ಓವರ್." "ಆಯ್ತು" ಅಂದರೆ ಎಲ್ಲರೂ ಒಳಗಿದ್ದಾರೆ, ಬಾಗಿಲು ಹಾಕಿದೆ ಅಂತ ಅರ್ಥ. "ಇನ್ನೂ ಇಲ್ಲ" ಅಂದರೆ ಯಾರೋ ಒಬ್ಬರು ಕಾಡಿನಿಂದ ವಾಪಸ್ ಬಂದಿಲ್ಲ. ಇದನ್ನು ನೇರವಾಗಿ ಹೇಳಬಹುದಿತ್ತು. ಆದರೆ ವಲಯ ಕಚೇರಿಯ ವೈರ್‌ಲೆಸ್ ಸೆಟ್ಟಿನ ಪಕ್ಕದಲ್ಲೇ ಕ್ವಾರ್ಟರ್ಸ್. ಸೆಟ್ಟಿನಲ್ಲಿ ಮಾತಾಡಿದ್ದೆಲ್ಲ ಹೆಂಡತಿ ಮಕ್ಕಳ ಕಿವಿಗೆ ಬೀಳುತ್ತದೆ. ಅರ್ಧ ಗಂಟೆ ತಡವಾದ ಮನುಷ್ಯನಿಗೆ ಅಲ್ಲಿ ಅಳು ಶುರುವಾಗಿ, ಅವನು ಆರಾಮಾಗಿ ಬೀಡಿ ಸೇದುತ್ತಾ ಬಂದದ್ದೂ ಉಂಟು. ಅದಕ್ಕೇ ಊಟದ ನೆಪ.

ನಾನು ಮಂಡ್ಯ ಕಡೆಯವನು. 2012ರಲ್ಲಿ ಗಾರ್ಡ್ ಆಗಿ ಬಂಡೀಪುರಕ್ಕೆ ಬಂದೆ. ಈಗ ಇಲಾಖೆಯ ಕಾಗದದಲ್ಲಿ ನಮ್ಮನ್ನು ಗಸ್ತು ಅರಣ್ಯ ಪಾಲಕ ಅಂತ ಬರೆಯುತ್ತಾರೆ. ಊರಿನವರಿಗೆ ಮಾತ್ರ ನಾವು ಇವತ್ತಿಗೂ ಗಾರ್ಡೇ. ಕಳ್ಳಬೇಟೆ ತಡೆ ಕ್ಯಾಂಪ್ ಅಂದರೆ ದೊಡ್ಡದೇನೂ ಅಲ್ಲ. ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಮಾಡಿನ ಮೇಲೆ ಸೋಲಾರ್ ಹಲಗೆ, ಸುತ್ತಲೂ ಆನೆ ಕಂದಕ. ಅದರಲ್ಲಿ ನಾಲ್ಕೈದು ಜನ. ವಾರಕ್ಕೊಮ್ಮೆ ಜೀಪಿನಲ್ಲಿ ರೇಷನ್. ಬೆಳಿಗ್ಗೆ ಎದ್ದು ಬೀಟ್, ಅಂದರೆ ನಮ್ಮ ಪಾಲಿನ ಕಾಡು, ಸುತ್ತಬೇಕು. ಉರುಳು ಹಾಕಿದ್ದಾರಾ, ಹೆಜ್ಜೆ ಯಾವ ಕಡೆ ಹೋಗಿದೆ, ಕೆರೆಯಲ್ಲಿ ನೀರೆಷ್ಟಿದೆ ಅಂತ ನೋಡಿ ಮೊಬೈಲ್ ಆಪ್‌ನಲ್ಲಿ ಹಾಕಬೇಕು.

ಖಾಯಂ ನೌಕರಿಯವನು ಅಂದರೆ ಸಾಮಾನ್ಯವಾಗಿ ಗಾರ್ಡ್ ಒಬ್ಬನೇ. ಉಳಿದವರು ದಿನಗೂಲಿ ಇಲ್ಲವೇ ಹೊರಗುತ್ತಿಗೆ ವಾಚರ್‌ಗಳು. ಅವರಲ್ಲಿ ಬಹಳಷ್ಟು ಜನ ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು. ಕಾಡು ಗೊತ್ತಿರುವುದು ಅವರಿಗೆ. ಸಹಿ ಹಾಕುವುದು ನಾವು. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ನನ್ನ ಸಾಹಸದ ಕತೆಯ ಹಾಗೆ ಕೇಳುತ್ತದೆ.

ಊಟದ ಪ್ರಶ್ನೆ ಶುರುವಾಗಿದ್ದು ನಮ್ಮದೇ ತಪ್ಪಿನಿಂದ. ಒಂದು ಸಂಜೆ ನಮ್ಮ ಹಿರಿಯ ವಾಚರ್ ಪಕ್ಕದ ಕ್ಯಾಂಪಿಗೆ ಬ್ಯಾಟರಿ ಕೊಟ್ಟು ಬರುತ್ತೇನೆ ಅಂತ ಒಬ್ಬರೇ ಹೊರಟರು. ರಾತ್ರಿ ಅವರು ಅಲ್ಲೇ ಮಲಗಿದ್ದಾರೆ ಅಂತ ನಾವು ಅಂದುಕೊಂಡೆವು. ಆ ಕ್ಯಾಂಪಿನವರಿಗೆ ಅವರು ಹೊರಟಿದ್ದೇ ಗೊತ್ತಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಬಂದರು, ಮೈಯೆಲ್ಲಾ ಗೀರು. ಒಂಟಿ ಸಲಗ ಅಟ್ಟಿಸಿಕೊಂಡು ಬಂದು, ರಾತ್ರಿಯೆಲ್ಲಾ ಮತ್ತಿ ಮರದ ಮೇಲೆ ಕೂತಿದ್ದರಂತೆ. ನಾನು "ಯಾಕಣ್ಣ, ಕೂಗೋದಲ್ವಾ?" ಅಂದೆ. "ಕೂಗ್ದೆ ಸಾ, ಆನೆಗೆ ಬುಟ್ಟು ಇನ್ಯಾರ್ಗೂ ಕೇಳ್ನಿಲ್ಲ" ಅಂದರು. ನಾವೆಲ್ಲ ನಕ್ಕೆವು. ಆಮೇಲೆ ಮುದ್ದೆ ಯಾರ ಗಂಟಲಲ್ಲೂ ಇಳಿಯಲಿಲ್ಲ. ಅಂದೇ ರಾತ್ರಿ ಅಕ್ಕಪಕ್ಕದ ಐದು ಕ್ಯಾಂಪಿನವರು ಮಾತಾಡಿಕೊಂಡೆವು. ಒಬ್ಬರೇ ಹೋಗೋದು ಬೇಡ. ಎಂಟಕ್ಕೆ ಊಟ ಕೇಳೋದು.

2017ರ ಫೆಬ್ರವರಿಯಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ಸುಟ್ಟು ತೀರಿಕೊಂಡರು. ಮಾರನೇ ವರ್ಷ ಮಾರ್ಚ್‌ನಲ್ಲಿ ನಾಗರಹೊಳೆಯ ನಿರ್ದೇಶಕರಾಗಿದ್ದ ಮಣಿಕಂಠನ್ ಅವರು ಬೆಂಕಿ ಬಿದ್ದ ಜಾಗ ನೋಡಲು ಹೋಗಿ ಆನೆ ತುಳಿತಕ್ಕೆ ಸಿಕ್ಕಿ ತೀರಿಕೊಂಡರು. ಗಾರ್ಡಿನಿಂದ ಹಿಡಿದು ನಿರ್ದೇಶಕರವರೆಗೆ ಕಾಡು ಯಾರ ಹುದ್ದೆಯನ್ನೂ ನೋಡುವುದಿಲ್ಲ ಅಂತ ಆಗ ನಮ್ಮ ಮನೆಯವರಿಗೂ ಗೊತ್ತಾಯಿತು. ನನ್ನವ್ವ ಫೋನು ಮಾಡಿ, "ಬೇರೆ ಕೆಲ್ಸ ಸಿಕ್ಕಲ್ವೇನೋ" ಅಂದಳು.

2019ರ ಫೆಬ್ರವರಿ ಬೆಂಕಿಯ ಬಗ್ಗೆ ವಸಿ ಜಾಸ್ತಿ ಹೇಳುತ್ತೇನೆ. ಡಿಸೆಂಬರ್, ಜನವರಿಯಲ್ಲೇ ನಾವು ಬೆಂಕಿ ರೇಖೆ ಮಾಡುತ್ತೇವೆ. ದಾರಿಯ ಎರಡೂ ಬದಿ ಹುಲ್ಲು, ಲಂಟಾನ ಸವರಿ, ಒಣಗಿದ ಮೇಲೆ ನಾವೇ ಸುಡುವುದು. ಆ ಕಡೆಯ ಬೆಂಕಿ ಬಂದು ಇಲ್ಲಿ ತಿನ್ನೋಕೆ ಏನೂ ಸಿಗದೆ ನಿಲ್ಲಬೇಕು. ಆ ಸಲ ಹುಲ್ಲು ಆಳೆತ್ತರ ಬೆಳೆದು, ಒಣಗಿ ನಿಂತಿತ್ತು. ಗಾಳಿ ಬೇರೆ. ಗೋಪಾಲಸ್ವಾಮಿ ಬೆಟ್ಟದ ಕಡೆ, ಕುಂದಕೆರೆ ಕಡೆ ಗುಡ್ಡಗುಡ್ಡವೇ ಹೊತ್ತಿಕೊಂಡಿತು. ಬೆಂಕಿ ರೇಖೆಯ ಮೇಲಿಂದ ಕಿಡಿ ಹಾರಿ ಆಚೆ ಬೀಳುತ್ತಿದ್ದುದನ್ನು ನಾನೇ ನೋಡಿದೆ.

ನಮ್ಮ ಹತ್ತಿರ ಇದ್ದ ಮುಖ್ಯ ಆಯುಧ ಹಸಿ ಸೊಪ್ಪಿನ ಕೊಂಬೆ. ಅದರಲ್ಲಿ ಹೊಡೆಯಬಾರದು ಅನ್ನುವುದನ್ನು ಕಲಿಯಲು ನನಗೆ ಎರಡು ಬೇಸಿಗೆ ಬೇಕಾಯಿತು. ಎತ್ತಿ ಬಡಿದರೆ ಕಿಡಿ ಹಾರಿ ಇನ್ನೂ ನಾಲ್ಕು ಕಡೆ ಹತ್ತುತ್ತದೆ. ಕೊಂಬೆಯನ್ನು ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. ಬೆಳಗಿನ ಜಾವ ಗಾಳಿ ಸತ್ತಿರುವಾಗ ಒಬ್ಬ ಮಾಡುವಷ್ಟು ಕೆಲಸವನ್ನು ಮಧ್ಯಾಹ್ನ ಹತ್ತು ಜನ ಸೇರಿದರೂ ಮಾಡೋಕಾಗಲ್ಲ. ಆರಿತು ಅಂತ ಬೆನ್ನು ತಿರುಗಿಸಿದರೆ ಒಣ ಆನೆ ಲದ್ದಿ ಒಳಗೊಳಗೇ ಗಂಟೆಗಟ್ಟಲೆ ಉರಿಯುತ್ತಿರುತ್ತದೆ. ಇಳಿಜಾರಿನಲ್ಲಾದರೆ ಉರಿಯುವ ಕೊರಡು ಉರುಳಿ ಕೆಳಗಿನ ಹಸಿರಿಗೂ ಹಚ್ಚುತ್ತದೆ. ಹಾಗಾಗಿ ಬೆಂಕಿ ಆರಿಸಿದವನು ಮಲಗಲು ಹೋಗುತ್ತಾನೆ, ಕಾಯುವವನು ಬೇರೆ ಇರಬೇಕು. ನಮ್ಮಲ್ಲಿ ಕಾಯೋಕೆ ಬೇರೆ ಜನ ಇರಲಿಲ್ಲ.

ಆಗ ಒಂದು ನಿಯಮ ಮಾಡಿಕೊಂಡೆವು. ಇಬ್ಬಿಬ್ಬರು ಜೋಡಿ. ಒಬ್ಬ ಆರಿಸುತ್ತಾನೆ, ಇನ್ನೊಬ್ಬ ಅವನ ಬೆನ್ನ ಹಿಂದೆ ನಿಂತು ಬೆಂಕಿಯನ್ನಲ್ಲ, ಅವನನ್ನು ನೋಡುತ್ತಾನೆ. ಹೊಗೆ ಕುಡಿದವನಿಗೆ ತನಗೆ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಮಾತು ತೊದಲುತ್ತದೆ, ಸುಮ್ನೆ ನಗುತ್ತಾನೆ. ನನ್ನ ಜೋಡಿಯಾಗಿದ್ದ ಜೇನುಕುರುಬರ ಹುಡುಗ ನನ್ನ ಅಂಗಿ ಹಿಡಿದು ಎರಡು ಸಲ ಹಿಂದಕ್ಕೆ ಎಳೆದ. ಎರಡನೇ ಸಲ ನಾನು ಅವನಿಗೆ ಕೆಟ್ಟದಾಗಿ ಬೈದೆ. ಮೇಲಿನ ಕೊಂಬೆ ಮುರಿದು ನಾನು ನಿಂತಿದ್ದ ಜಾಗದಲ್ಲೇ ಬಿತ್ತು. ಬೂಟಿನ ಅಡಿ ಕರಗಿ ಕಲ್ಲಿಗೆ ಅಂಟಿಕೊಂಡಿತ್ತು. ಅವನಿಗಂತೂ ಬೂಟೇ ಇರಲಿಲ್ಲ, ರಬ್ಬರ್ ಚಪ್ಪಲಿ.

ಫೆಬ್ರವರಿ 23ರಂದು ಬೆಂಗಳೂರಿನ ಯಲಹಂಕದಲ್ಲೂ ಏರ್ ಶೋ ಪಾರ್ಕಿಂಗ್‌ಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವು. ಎರಡೂ ಬೆಂಕಿಯ ಸುದ್ದಿ ಟಿವಿಯಲ್ಲಿ ಒಟ್ಟೊಟ್ಟಿಗೆ ಓಡಿತು. 25ಕ್ಕೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ಮೇಲಿಂದ ನೀರು ಸುರಿದವು. ಮೈಸೂರು, ಬೆಂಗಳೂರಿನಿಂದ ಸ್ವಯಂಸೇವಕರೂ ಬಂದರು. ಒಳ್ಳೆಯ ಮನಸ್ಸಿನವರು. ಬಿಸ್ಕತ್ತು ರಾಶಿ ಬಿತ್ತು. ನಮಗೆ ಬೇಕಿದ್ದದ್ದು ಮಜ್ಜಿಗೆ, ಬೆಲ್ಲ, ನೀರು, ಕಾಲಿಗೆ ಬೂಟು. ಆಮೇಲೆ ಯಾರು ಫೋನು ಮಾಡಿ ಏನು ತರಲಿ ಅಂದರೂ ನಾನು "ಎಂಟು, ಒಂಬತ್ತು, ಹತ್ತನೇ ನಂಬರಿನ ಬೂಟು" ಅನ್ನುತ್ತಿದ್ದೆ. ನಾಲ್ಕು ಜನ ನಿಜವಾಗಿಯೂ ತಂದರು.

ದುಡ್ಡಿನ ವಿಷಯ. ಹೊರಗುತ್ತಿಗೆ ವಾಚರ್‌ಗಳ ಸಂಬಳ ಏಜೆನ್ಸಿಯ ಮೂಲಕ ಬರುತ್ತಿತ್ತು. ಅದು ಬರುವ ತಿಂಗಳಿಗಿಂತ ಬಾರದ ತಿಂಗಳೇ ಲೆಕ್ಕಕ್ಕೆ ಸಿಗುತ್ತಿತ್ತು. ಒಮ್ಮೆ ಮೂರು ತಿಂಗಳು ಬರಲಿಲ್ಲ. ಉರುಳು ಹುಡುಕಲು ಹೋಗುವವನ ಮನೆಯಲ್ಲಿ ಅಕ್ಕಿ ಇಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿ ವಿಷಕ್ಕೆ ಸತ್ತಾಗ, ಅಲ್ಲಿನ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ ಅನ್ನುವುದು ಪತ್ರಿಕೆಗಳಲ್ಲಿ ಬಂತು. ಓದಿದವರಿಗೆ ಆಶ್ಚರ್ಯ ಆಗಿರಬಹುದು. ನಮಗೆ ಆಗಲಿಲ್ಲ.

ನಾವು ಹಾರ್ಲಿಕ್ಸ್ ಡಬ್ಬಿಯೊಂದನ್ನು ಇಟ್ಟೆವು. ಖಾಯಂ ಇದ್ದವರು ತಿಂಗಳಿಗೆ 500 ರೂಪಾಯಿ, ವಾಚರ್‌ಗಳು ಸಂಬಳ ಬಂದ ತಿಂಗಳು 100 ರೂಪಾಯಿ. ಬಡ್ಡಿ ಇಲ್ಲ. ಯಾಕೆ ಬೇಕು ಅಂತ ಕೇಳುವ ಹಾಗಿಲ್ಲ. ನಾನು ಲೆಕ್ಕದ ಮನುಷ್ಯ, ಒಂದು ನೋಟ್‌ಬುಕ್ ಮಾಡಿ ಗೋಡೆಗೆ ನೇತುಹಾಕಿದೆ. ಯಾರು ಎಷ್ಟು ತೆಗೆದರು ಅಂತ ಎಲ್ಲರಿಗೂ ಕಾಣಲಿ ಅಂತ. ಎರಡು ಸಲ ತೆಗೆದವನೊಬ್ಬ ಮೂರನೇ ವಾರದಿಂದ ಮಾತು ಬಿಟ್ಟ. ಊಟಕ್ಕೂ ಆಮೇಲೆ ಬರುತ್ತೇನೆ ಅನ್ನೋನು. ನನಗೆ ಹೊಳೆಯಲೇ ಇಲ್ಲ. ಕೊನೆಗೆ ಹಿರಿಯ ವಾಚರೇ, ಮರದ ಮೇಲೆ ಕೂತಿದ್ದರಲ್ಲ, ಅವರೇ ಆ ಪುಸ್ತಕ ಕಿತ್ತು ಒಲೆಗೆ ಹಾಕಿದರು. "ನಮ್ಮ ಹಾಡೀಲಿ ಜೇನು ಹಂಚೋವಾಗ ಬರ್ಕೊಳಕಿಲ್ಲ ಸಾ" ಅಂದರು. ಅವತ್ತಿನಿಂದ ಬರವಣಿಗೆ ಇಲ್ಲ. ಡಬ್ಬಿಯಲ್ಲಿ ದುಡ್ಡು ಕಮ್ಮಿ ಬಿದ್ದದ್ದು ಒಂದೇ ಸಲ, ಅದೂ 150 ರೂಪಾಯಿ. ಇವತ್ತಿಗೂ ನನಗೆ ಅನುಮಾನ ಇಲಿ ಮೇಲೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಸಫಾರಿ ನಿಂತಿತು. ಜನ ಅಂದುಕೊಂಡರು, ಈಗ ಫಾರೆಸ್ಟ್‌ನವರಿಗೆ ರಜೆ ಅಂತ. ಉಲ್ಟಾ. ಕೆಲಸ ಕಳೆದುಕೊಂಡು ಊರಿಗೆ ಬಂದವರು ಮೊಲ, ಜಿಂಕೆಗೆ ಉರುಳು ಹಾಕುವ ಭಯ. ಒಳಗಿದ್ದವರು ಹೊರಗೆ ಬರುವ ಹಾಗಿಲ್ಲ, ಬದಲಿಗೆ ಬರುವವರನ್ನು ಊರಿನವರು ಬಿಡುವುದಿಲ್ಲ. ನಮ್ಮ ಪಾಳಿ ವಾರಗಟ್ಟಲೆ ಎಳೆಯಿತು. ಏಪ್ರಿಲ್‌ನಲ್ಲಿ ಅಮೆರಿಕದ ಮೃಗಾಲಯವೊಂದರ ಹುಲಿಗೆ ಕೊರೊನಾ ಬಂತು ಅನ್ನೋ ಸುದ್ದಿಯ ಬೆನ್ನಿಗೇ ಹುಲಿ ಸಂರಕ್ಷಣಾ ಪ್ರಾಧಿಕಾರದಿಂದ ಎಚ್ಚರಿಕೆ ಬಂತು. ನಮ್ಮಿಂದ ಹುಲಿಗೆ ಅಂಟಬಾರದಂತೆ. ನಮ್ಮ ಹುಡುಗ ಒಬ್ಬ, "ಹುಲಿ ಹತ್ರ ಆರಡಿ ದೂರ ಇರಕ್ಕೆ ನಮಗೆ ಹೇಳ್ಕೊಡ್ಬೇಕಾ?" ಅಂದ.

ಆ ದಿನಗಳಲ್ಲಿ ಒಂದು ರಾತ್ರಿ ಮಾತ್ರ ನೆನಪಿನಿಂದ ಹೋಗುವುದಿಲ್ಲ. ಪಕ್ಕದ ಕ್ಯಾಂಪಿನ ಗಾರ್ಡ್ ವಿಜಯಪುರ ಕಡೆಯ ಹುಡುಗ. ನಮ್ಮ ಗಾರ್ಡುಗಳಲ್ಲಿ ಆ ಕಡೆಯವರು ಬಹಳ ಜನ ಇದ್ದಾರೆ. ಅವನ ಅಪ್ಪ ಊರಲ್ಲಿ ತೀರಿಕೊಂಡರು. ಪಾಸ್ ಸಿಕ್ಕಿ, ಗಾಡಿ ಸಿಕ್ಕಿ, ಅಷ್ಟು ದೂರ ಹೋಗುವಷ್ಟರಲ್ಲಿ ಮಣ್ಣು ಮುಗಿದಿರುತ್ತದೆ. ನೆಟ್‌ವರ್ಕ್ ಸಿಗುವುದು ಕ್ಯಾಂಪಿನಿಂದ ಮುಕ್ಕಾಲು ಮೈಲಿ ದೂರದ ಬಂಡೆಯ ಮೇಲೆ. ನಾವು ಆರು ಜನ ಟಾರ್ಚು ಹಿಡಿದು, ಪಟಾಕಿ ಇಟ್ಟುಕೊಂಡು ಅವನನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಅವನು ವಿಡಿಯೋದಲ್ಲಿ ಅಪ್ಪನ ಮುಖ ನೋಡುವಾಗ ನಾವು ಬಂಡೆಯ ಸುತ್ತ ಹೊರಮುಖವಾಗಿ ಕೂತೆವು. ಕೆಳಗೆ ಆನೆ ಕೊಂಬೆ ಮುರಿಯುವ ಸದ್ದು. ಯಾರೂ ಏನೂ ಮಾತಾಡಲಿಲ್ಲ. ಸಮಾಧಾನ ಹೇಳೋಕೆ ನಮಗೆ ಬರುವುದೂ ಇಲ್ಲ.

ವಾಪಸ್ ಬಂದ ಮೇಲೆ ನಮ್ಮ ವಾಚರ್ ಅವನಿಗಾಗಿ ರೊಟ್ಟಿ ತಟ್ಟಲು ಕೂತರು. ಜೋಳದ ಹಿಟ್ಟು ಎಲ್ಲಿಂದ ಬರಬೇಕು, ರಾಗಿ ಹಿಟ್ಟಲ್ಲೇ. ಒಡೆದು ಒಡೆದು ಹೋಯಿತು. ಆ ಹುಡುಗ ನೋಡಿ ನೋಡಿ, "ಹಂಗಲ್ರೀ ಕಾಕಾ, ಸರೀರಿ" ಅಂತ ತಾನೇ ಕೂತು ತಟ್ಟಿದ. ಅಷ್ಟು ಹೊತ್ತಿಗೆ ಅವನ ಬಾಯಿಂದ ಬಂದ ಮೊದಲ ಮಾತು ಅದು.

ಈಗಿನ ಕಷ್ಟ ಬೇರೆ ತರಹದ್ದು. ಕಾಡಂಚಿನ ಜನಕ್ಕೆ ನಮ್ಮ ಮೇಲೆ ಸಿಟ್ಟು. ಅವರ ಹಸು ಹೋಗಿರುತ್ತದೆ, ಪರಿಹಾರ ತಡವಾಗಿರುತ್ತದೆ, ಹುಲಿಯನ್ನು ನಾವು ಹಿಡಿದಿರುವುದಿಲ್ಲ. ಎದುರಿಗೆ ಸಿಗುವುದು ನಾವು. 2025ರ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಊರಲ್ಲಿ ಹುಲಿಗೆ ಇಟ್ಟಿದ್ದ ಬೋನಿನೊಳಗೆ ನಮ್ಮ ಇಲಾಖೆಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಜನರದ್ದು ಸರಿ ಅಂತ ಹೇಳುತ್ತಿಲ್ಲ. ಆದರೆ ಆ ವಿಡಿಯೋ ನೋಡಿ ನಗುತ್ತಿದ್ದವರಿಗೆ ಬೋನಿನೊಳಗೆ ಇದ್ದವರ ಮಕ್ಕಳೂ ಅದನ್ನು ನೋಡುತ್ತಾರೆ ಅನ್ನುವುದು ಹೊಳೆಯಲಿಲ್ಲ. ಇಂಥ ಊರಿಗೆ ಹೋಗಿ ಬಂದವನನ್ನು ಅವತ್ತು ರಾತ್ರಿ ಯಾರೂ ಏನೂ ಕೇಳಬಾರದು ಅಂತ ನಾವು ಇಟ್ಟುಕೊಂಡಿದ್ದೇವೆ. ವರದಿ ಬೆಳಿಗ್ಗೆ ಬರೆದರಾಯಿತು.

ನನಗೆ ಈಗ ಬೇರೆ ಕಡೆ ವರ್ಗ ಆಗಿದೆ. ಇಲ್ಲೂ ಎಂಟಕ್ಕೆ ಊಟದ ಪ್ರಶ್ನೆ ಶುರು ಮಾಡಿಸಿದೆ. ಎಲ್ಲರಿಗೂ ಹೇಳಿದೆ, ಅವತ್ತೇ ಸೇರಿದ ಹೊಸ ಹುಡುಗನಿಗೆ ಹೇಳಲು ಮರೆತೆ. ರಾತ್ರಿ ಕೂಗಿದಾಗ ವಾಕಿ ಅವನ ಕೈಯಲ್ಲಿತ್ತು. "ಊಟ ಆಯ್ತಾ? ಓವರ್." ಅವನು ಪಾಪ ನಿಜ ಹೇಳಿದ. "ಇನ್ನೂ ಇಲ್ಲ ಸಾರ್, ಓವರ್." ಯಾರು, ಎಲ್ಲಿ ಅಂತ ಕೇಳುವಷ್ಟರಲ್ಲಿ ಸೆಟ್ಟಿನ ಬ್ಯಾಟರಿ ಹೋಯಿತು. ಎರಡು ದಿಕ್ಕಿನಿಂದ ಎರಡು ಜೀಪು ಹೊರಟೆವು. ನಲವತ್ತು ನಿಮಿಷದಲ್ಲಿ ಒಂಬತ್ತು ಜನ ಟಾರ್ಚು ಬಿಟ್ಟುಕೊಂಡು ಅವರ ಕಂದಕದ ಮುಂದೆ ನಿಂತಿದ್ದೆವು. ಹುಡುಗ ಸೌಟು ಹಿಡಿದುಕೊಂಡೇ ಹೊರಗೆ ಬಂದ. ಒಲೆಯ ಮೇಲೆ ಹುರುಳಿ ಸಾರು ಆಗತಾನೇ ಕುದಿ ಬಂದಿತ್ತು.