ಮೂರನೇ ಬೆಲ್ಟು ಕೂತಿತು

ಸೋದರಮಾವ ಕೊಟ್ಟ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ನಮ್ಮನೆ ಅಟ್ಟದ ಮೇಲೆ ಹನ್ನೆರಡು ವರ್ಷ ಕೂತಿತ್ತು. ಇಳಿಸಿ, ಅಲ್ಯುಮಿನಿಯಂ ತಟ್ಟೆ ಎತ್ತಿ ನೋಡಿದರೆ ಅದನ್ನು ತಿರುಗಿಸುವ ಬೆಲ್ಟು ಒಣಗಿದ ಬಾಳೆನಾರಿನ ಹಾಗೆ ಸೊಟ್ಟಗೆ ಬಿದ್ದಿತ್ತು. ಮೋಟಾರಿನ ಪುಲ್ಲಿಗೆ (ಪುಟ್ಟ ಗಾಲಿಗೆ) ಸುತ್ತಿಕೊಂಡಿದ್ದ ಕಡೆ ಮಾತ್ರ ಆ ಬಾಗು ಹಾಗೇ ಉಳಿದಿತ್ತು.

ಜಪಾನಿನ ಹಳೇ ಟರ್ನ್‌ಟೇಬಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಏರ್ಪಾಡೇ ಇದರದ್ದೂ. ತಟ್ಟೆಯ ಅಡಿಯಲ್ಲಿ ಒಂದು ಒಳಬಳೆ, ಅದರ ಸುತ್ತ ಚಪ್ಪಟೆ ರಬ್ಬರ್ ಬೆಲ್ಟು. ತಟ್ಟೆಯಲ್ಲಿರುವ ಕಿಂಡಿಯಿಂದ ಬೆರಳು ಹಾಕಿ ಬೆಲ್ಟನ್ನು ಪುಲ್ಲಿಗೆ ಎಳೆದು ಕೂರಿಸಬೇಕು. ಡಿ.ಸಿ. ಮೋಟಾರು, ನಿಮಿಷಕ್ಕೆ 33⅓ ಸುತ್ತು, 45 ಸುತ್ತು, ಎರಡು ವೇಗಕ್ಕೂ ಒಂದೇ ಪುಲ್ಲಿ.

ಹಳೇ ಬೆಲ್ಟು ಜೇಬಿಗೆ ಹಾಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋದೆ. ಮೊದಲ ತಪ್ಪು ಅದೇ.

"ಹಳೇದು ತಂದಿದೀರಲ್ಲ ಸಾರ್, ಇನ್ನೇನು ಬೇಕು?" ಅಂದರು ಅಂಗಡಿಯವರು. ಸ್ಕೇಲಿನ ಪಕ್ಕ ಮಡಿಸಿ ಹಿಡಿದು ಅಷ್ಟೇ ಉದ್ದದ್ದು ತೆಗೆದುಕೊಟ್ಟರು. ಅವರ ತಪ್ಪೇನಿಲ್ಲ, ನಾನು ಕೊಟ್ಟ ಅಳತೆಯೇ ಹಿಗ್ಗಿದ ಬೆಲ್ಟಿನದು. ಮನೆಗೆ ತಂದು ಹಾಕಿದರೆ ತಟ್ಟೆ ಸೋಮಾರಿಯ ಹಾಗೆ ಮೆಲ್ಲಗೆ ಎದ್ದಿತು. ಧೂಳು ಒರೆಸೋ ಬ್ರಶ್ ರೆಕಾರ್ಡಿಗೆ ತಾಗಿದರೆ ಸಾಕು, ಜಗ್ಗುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದೆ. ಹಾಡು ಶುರುವಾಗೋ ಮುಂಚೆ ತಂಬೂರಿ ಒಂದೇ ಇತ್ತಲ್ಲ, ಅಲ್ಲೇ ಗೊತ್ತಾಯಿತು: ಷಡ್ಜ ತೊಟ್ಟಿಲ ಹಾಗೆ ತೂಗುತ್ತಿತ್ತು. ಬೆಲ್ಟ್ ಜಾರುತ್ತಿದೆಯೇ ಅಂತ ತಿಳಿಯೋಕೆ ತಂಬೂರಿಗಿಂತ ಒಳ್ಳೆ ಉಪಕರಣ ನನಗೆ ಇದುವರೆಗೂ ಸಿಕ್ಕಿಲ್ಲ.

ನಡುವೆ ಒಂದು ಜಾಣತನವನ್ನೂ ಮಾಡಿದೆ. ಆ ಸಡಿಲ ಬೆಲ್ಟನ್ನೇ ಕತ್ತರಿಸಿ, ಗಿಡ್ಡ ಮಾಡಿ, ದಿಢೀರ್ ಅಂಟು ಹಾಕಿ ಜೋಡಿಸಿದೆ. ಆ ಗಂಟು ಪುಲ್ಲಿಯ ಮೇಲೆ ಹಾದಾಗಲೆಲ್ಲ, ಅಂದರೆ ಹೆಚ್ಚುಕಮ್ಮಿ ಸುತ್ತಿಗೊಂದು ಸಲ, ಸ್ಪೀಕರಿನಲ್ಲಿ 'ಟುಕ್'. ಒಂದು ಸಂಜೆ ಸಹಿಸಿಕೊಂಡು ಕಿತ್ತೆಸೆದೆ. ಜೋಡಣೆಯಿಲ್ಲದ, ಕೊಳವೆಯಿಂದ ಉಂಗುರದ ಹಾಗೆ ಕತ್ತರಿಸಿದ ಬೆಲ್ಟೇ ಆಗಬೇಕು.

ಎರಡನೆಯದು ಬೇರೆ ಅಂಗಡಿಯದು. "ಗಟ್ಟಿ ಮಾಲು" ಅಂತ ಕೊಟ್ಟರು. ಗಟ್ಟಿಯೇನೋ ಹೌದು, ಉದ್ದವೂ ಸರಿ, ಎಳೆತವೂ ಸರಿ, ತೂಗಾಟ ನಿಂತಿತು. ಆದರೆ ಮನ್ಸೂರರ ಶ್ರುತಿ ಏರಿಬಿಟ್ಟಿತ್ತು. ಎರಡು ದಿನ ನನ್ನ ಕಿವಿಯನ್ನೇ ಅನುಮಾನಿಸಿದೆ. ಆಮೇಲೆ ಪಕ್ಕದಮನೆ ಲೇತ್ ಕೆಲಸದವರ ವರ್ನಿಯರ್ ತಂದು ದಪ್ಪ ಅಳೆದೆ. ಹಳೇ ಬೆಲ್ಟು ಸವೆಯದ ಕಡೆ 0.6 ಮಿ.ಮೀ., ಈ ಗಟ್ಟಿ ಮಾಲು ಪೂರಾ 1 ಮಿ.ಮೀ.

ಕೂದಲೆಳೆಯಷ್ಟು ವ್ಯತ್ಯಾಸ ಅನ್ನಿಸುತ್ತೆ, ಆದರೆ ಲೆಕ್ಕ ಹಾಕಿ ನೋಡಿ. ಪುಲ್ಲಿಯ ವ್ಯಾಸ 10 ಮಿ.ಮೀ. ಬೆಲ್ಟು ಸುತ್ತಿಕೊಂಡಾಗ ಅದರ ದಪ್ಪದ ನಡುಗೆರೆಯೇ ನಿಜವಾದ ಸುತ್ತು. ಹಾಗಾಗಿ 0.6ರ ಬೆಲ್ಟಿಗೆ ಪುಲ್ಲಿ 10.6 ಆಗುತ್ತದೆ, 1ರ ಬೆಲ್ಟಿಗೆ 11. ಒಳಬಳೆ 200 ಮಿ.ಮೀ. ಇರುವುದರಿಂದ ಅಲ್ಲಿ ಏರುವುದು ನೂರಕ್ಕೆ 0.2 ಅಷ್ಟೇ, ಲೆಕ್ಕಕ್ಕೇ ಬರಲ್ಲ. ಎಲ್ಲ ಕಳೆದು ವೇಗ ಸುಮಾರು ಶೇ. 3.6 ಹೆಚ್ಚು. ಅರ್ಧ ಸ್ವರಸ್ಥಾನಕ್ಕಿಂತ ಮೇಲೆಯೇ! ಇಪ್ಪತ್ತು ನಿಮಿಷದ ಒಂದು ಬದಿ ನಲವತ್ತು ಸೆಕೆಂಡು ಮೊದಲೇ ಮುಗಿದುಹೋಗುತ್ತದೆ.

ಬೆಲ್ಟಿನ ಉದ್ದದಲ್ಲಿ ನಾಲ್ಕೈದು ಮಿ.ಮೀ. ಆಚೀಚೆಯಾದರೂ ರಬ್ಬರು ಹಿಗ್ಗಿ ಹೊಂದಿಕೊಳ್ಳುತ್ತದೆ. ದಪ್ಪದಲ್ಲಿ ಅರ್ಧ ಮಿ.ಮೀ. ಕೂಡ ಹೊಂದಿಕೊಳ್ಳಲ್ಲ. ಕೊಳ್ಳುವವರೆಲ್ಲ ಉದ್ದ ಮಾತ್ರ ಕೇಳುತ್ತಾರೆ, ನಾನೂ ಅದನ್ನೇ ಕೇಳಿದ್ದು. ಡಿ.ಸಿ. ಮೋಟಾರಿನ ತಳದಲ್ಲಿ ವೇಗ ತಿದ್ದುವ ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿ ತಪ್ಪು ಬೆಲ್ಟನ್ನು ಮುಚ್ಚಿಹಾಕಬಹುದು. ನಾನೂ ತಿರುಗಿಸಿದೆ. ಆಮೇಲೆ ಸರಿಯಾದ ಬೆಲ್ಟು ಬಂದಾಗ ಇಡೀ ಟೇಬಲ್ ನಿಧಾನವಾಗಿ, ಮತ್ತೆ ಹಿಂದಕ್ಕೆ ತಿರುಗಿಸುತ್ತಾ ಒಂದು ಭಾನುವಾರ ಹೋಯಿತು. ಬೆಲ್ಟು ಸರಿಯಾಗುವ ತನಕ ಆ ಸ್ಕ್ರೂ ಮುಟ್ಟಬೇಡಿ.

ಮೂರನೇ ಸಲ ಹಳೇ ಬೆಲ್ಟಿನ ಉದ್ದ ಮರೆತು ಬೆಲ್ಟು ಓಡುವ ದಾರಿಯನ್ನೇ ಅಳೆದೆ. ತಟ್ಟೆ ಹಾಕಿದರೆ ಪುಲ್ಲಿ ಕಾಣಲ್ಲ, ದಾರ ಸುತ್ತೋಕೆ ಆಗಲ್ಲ. ಅದಕ್ಕೆ ಸಿಹಿತಿಂಡಿ ಡಬ್ಬದ ರಟ್ಟನ್ನು ನಾಲ್ಕು ಪದರ ಅಂಟಿಸಿ, 200 ಮಿ.ಮೀ. ವ್ಯಾಸದ ಚಕ್ರ ಕತ್ತರಿಸಿ, ನಡುವೆ ತೂತು ಮಾಡಿ ತಟ್ಟೆಯ ಜಾಗದಲ್ಲಿ ಕೂರಿಸಿದೆ. ಚಕ್ರಕ್ಕೂ ಪುಲ್ಲಿಗೂ ಸೇರಿಸಿ ಹೊಲಿಗೆ ದಾರ ಸುತ್ತಿದೆ. 644 ಮಿ.ಮೀ. ಬಂತು. ಬೆಲ್ಟು ಇದಕ್ಕಿಂತ ನೂರಕ್ಕೆ ನಾಲ್ಕೈದು ಭಾಗ ಗಿಡ್ಡ ಇರಬೇಕು, ಅಂದರೆ 615ರ ಆಸುಪಾಸು. ತೀರಾ ಗಿಡ್ಡದ್ದು ಹಾಕಿದರೆ ಮೋಟಾರಿನ ಬೇರಿಂಗ್ ಒಂದೇ ಕಡೆ ಎಳೆಯಲ್ಪಟ್ಟು ಗುರ್ ಅನ್ನುವ ಸದ್ದು ಸೂಜಿವರೆಗೂ ಬರುತ್ತದೆ. ಕೇಳುವಾಗ ಸುತ್ತಳತೆಯೋ ಮಡಿಸಿದ ಉದ್ದವೋ ಅಂತ ಖಚಿತ ಮಾಡಿಕೊಳ್ಳಿ. ಮಡಿಸಿದರೆ ನನ್ನದು 307 ಚಿಲ್ಲರೆ.

ಅಗಲ 5 ಮಿ.ಮೀ. ಪುಲ್ಲಿಯ ಹೊಟ್ಟೆ ನಡುವೆ ಸ್ವಲ್ಪ ಉಬ್ಬಿರುತ್ತದೆ, ಚಪ್ಪಟೆ ಬೆಲ್ಟು ತಾನಾಗಿಯೇ ಆ ಉಬ್ಬಿಗೆ ಏರಿ ನಿಲ್ಲಲಿ ಅಂತ. ಹಾಗಾಗಿ ಬೆಲ್ಟು ಪುಲ್ಲಿಗಿಂತ ಕಿರಿದಾಗಿದ್ದರೆ ಸಾಕು. ಹಾಕುವ ಮುಂಚೆ ಬೆಲ್ಟನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿದೆ. ಪುಲ್ಲಿಗೂ ಒಳಬಳೆಗೂ ಅಂಟಿದ್ದ ಕರೀ ಮಸಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಬಟ್ಟೆ ಬಿಳಿಯಾಗಿ ಬರೋವರೆಗೆ.

ವೇಗ ನೋಡೋಕೆ ತಟ್ಟೆಯ ಮೇಲಿಡುವ, ಸುತ್ತಲೂ 180 ಗೆರೆಯಿರುವ ಸ್ಟ್ರೋಬ್ ಕಾಗದ ಸಾಕು. ನಮ್ಮ 50 ಹರ್ಟ್ಸ್ ಕರೆಂಟಿಗೆ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, 33⅓ರಲ್ಲಿ ಗೆರೆಗಳು ನಿಂತ ಹಾಗೆ ಕಾಣಬೇಕು. ಹಾಲ್‌ನ ಎಲ್‌ಇಡಿ ಬಲ್ಬಿನಡಿ ಏನೂ ಕಾಣಲಿಲ್ಲ. ಉಗ್ರಾಣದಲ್ಲಿ ಹಳೇ ಚೋಕ್ ಇರೋ ಟ್ಯೂಬ್‌ಲೈಟ್ ಉಳಿದಿತ್ತು, ಅಕ್ಕಿ ಡಬ್ಬದ ಮೇಲೆ ಟೇಬಲ್ ಇಟ್ಟು ನೋಡಿದೆ. ಗೆರೆಗಳು ನಿಂತವು. ನಂಬಿಕೆ ಸಾಲದೆ, ತಟ್ಟೆಯ ಅಂಚಿಗೆ ಕುಂಕುಮದ ಚುಕ್ಕೆ ಇಟ್ಟು ಸುತ್ತು ಎಣಿಸಿದೆ. ಮೂರು ನಿಮಿಷಕ್ಕೆ ಸರಿಯಾಗಿ ನೂರು.

ಈಗ ಊರಿಗೆ ಹೋಗುವಾಗ ಬೆಲ್ಟನ್ನು ಪುಲ್ಲಿಯಿಂದ ಬಿಡಿಸಿಡುತ್ತೇನೆ, ಆ ಬಾಗು ಮತ್ತೆ ಬೀಳದಿರಲಿ ಅಂತ. ತಟ್ಟೆಯ ಅಡಿಗೆ ಒಂದು ಚೀಟಿ ಅಂಟಿಸಿದ್ದೇನೆ: ದಾರಿ 644, ಬೆಲ್ಟು 615, ಅಗಲ 5, ದಪ್ಪ 0.6. ದಪ್ಪದ ಕೆಳಗೆ ಎರಡು ಗೆರೆ ಎಳೆದಿದ್ದೇನೆ.