ತೊಲೆಗಿಂತ ಮೊದಲು ಅಂಟು ನೋಡಿ

ಕಾಂಕ್ರೀಟ್ ತೊಲೆಯ ಆರೋಗ್ಯ ತಿಳಿಯಲು ನಾನು ಬಳಸುವುದು ಪಿಜೆಡ್‌ಟಿ ಪ್ಯಾಚ್, ತೊಲೆಗೆ ಅಂಟಿಸುವ ಪಿಂಗಾಣಿ ಜಾತಿಯ ಒಂದು ತೆಳು ಬಿಲ್ಲೆ. 10 ಮಿ.ಮೀ. ಚೌಕ, 0.3 ಮಿ.ಮೀ. ದಪ್ಪ, ಕೈ ಜಾರಿದರೆ ಹಪ್ಪಳದಂತೆ ಪುಡಿ. ವಿದ್ಯುತ್ ಕೊಟ್ಟರೆ ಹಿಗ್ಗಿ ಕುಗ್ಗುತ್ತದೆ, ಹಿಗ್ಗಿಸಿ ಕುಗ್ಗಿಸಿದರೆ ವಿದ್ಯುತ್ ಕೊಡುತ್ತದೆ. ಸಂತೆಯಲ್ಲಿ ಮಡಕೆ ತಟ್ಟಿ ನೋಡುತ್ತೇವಲ್ಲ, ಇಲ್ಲಿ ತಟ್ಟುವ ಬೆರಳೂ ಕೇಳುವ ಕಿವಿಯೂ ಆ ಒಂದೇ ತುಣುಕು. ವಿದ್ಯುತ್ ಗುಣ ಅಳೆಯುವ ಎಲ್‌ಸಿಆರ್ ಮೀಟರ್ ಜೋಡಿಸಿ 30ರಿಂದ 400 ಕಿಲೋಹರ್ಟ್ಸ್‌ವರೆಗೆ ಕಂಡಕ್ಟೆನ್ಸ್ (ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ) ಬರೆದುಕೊಂಡರೆ ಏರಿಳಿತದ ಒಂದು ಗೆರೆ ಸಿಗುತ್ತದೆ. ಅದಕ್ಕೆ ನಾವು ಸಿಗ್ನೇಚರ್ ಅನ್ನುತ್ತೇವೆ. ಹತ್ತಿರದಲ್ಲಿ ಬಿರುಕು ಬಿಟ್ಟರೆ ಗೆರೆ ಬದಲಾಗುತ್ತದೆ.

ನನ್ನ ಮೊದಲ ತೊಲೆ 150×150×700 ಮಿ.ಮೀ.ನದು. 28 ದಿನ ನೀರಲ್ಲಿದ್ದದ್ದನ್ನು ತೊಟ್ಟಿಯಿಂದ ತೆಗೆದು, ಒರೆಸಿ, ಅದೇ ಸಂಜೆ ಅರಾಲ್ಡೈಟ್ ಕಲಸಿ ಪ್ಯಾಚ್ ಅಂಟಿಸಿದೆ. ಮೇಲ್ಮೈ ಒಣಗಿದಂತೆ ಕಾಣುತ್ತಿತ್ತು. 24 ಗಂಟೆ ಬಿಟ್ಟು ಗೆರೆ ತೆಗೆದೆ, ಮೆಷಿನ್ನಿಗೆ ಏರಿಸಿ ಸ್ವಲ್ಪ ಭಾರ ಹಾಕಿ ಇಳಿಸಿದೆ, ಮತ್ತೆ ಗೆರೆ ತೆಗೆದೆ. ಎರಡಕ್ಕೂ ಸಂಬಂಧವೇ ಇಲ್ಲ! ಬಿರುಕು ಸಿಕ್ಕಿತೆಂದು ಹಿಗ್ಗಿದೆ. ಲ್ಯಾಬ್ ಸಹಾಯಕರು ಬ್ಯಾಟರಿ ಹಿಡಿದು ನಾಲ್ಕೂ ಮಗ್ಗುಲು ನೋಡಿ, "ಎಲ್ಲಿ ಸಾರ್ ಬಿರುಕು?" ಅಂದರು. ಭೂತಗನ್ನಡಿಗೂ ಸಿಗಲಿಲ್ಲ.

ಮೀಟರ್ ಕೊಟ್ಟಿದ್ದ ಇನ್ನೊಂದು ಕಾಲಂ, ಸಸೆಪ್ಟೆನ್ಸ್ (ಪ್ಯಾಚ್ ಕೂಡಿಟ್ಟು ಮರಳಿಸುವ ವಿದ್ಯುತ್ತಿನ ಪಾಲಿನ ಅಳತೆ), ನಾನು ತೆರೆದೇ ನೋಡಿರಲಿಲ್ಲ. ಪ್ಯಾಚ್ ಮೂಲತಃ ವಿದ್ಯುತ್ ಕೂಡಿಡುವ ಒಂದು ಕೆಪಾಸಿಟರ್, ಹಾಗಾಗಿ ಆವರ್ತನ ಏರಿದಂತೆ ಸಸೆಪ್ಟೆನ್ಸ್ ಹೆಚ್ಚುಕಮ್ಮಿ ನೇರವಾಗಿ ಏರುತ್ತದೆ. ಚೆನ್ನಾಗಿ ಅಂಟಿದ ಪ್ಯಾಚ್‌ಗೆ ಹಿಗ್ಗಲು ಜಾಗವಿಲ್ಲ, ಕೆಪಾಸಿಟೆನ್ಸ್, ಅಂದರೆ ಕೂಡಿಡುವ ಶಕ್ತಿ, ಕಮ್ಮಿ. ಅಂಟು ಬಿಟ್ಟರೆ ಹೆಚ್ಚುತ್ತದೆ, ಗೆರೆ ಕಡಿದಾಗುತ್ತದೆ. ಪ್ಯಾಚೇ ಒಡೆದು ತುಂಡು ಹೋಗಿದ್ದರೆ ತಿರುಗಾ ಇಳಿಯುತ್ತದೆ. ನನ್ನದು ಕಡಿದಾಗಿತ್ತು. ಉಗುರು ತೂರಿಸಿದೆ, ಮೂಲೆ ಎದ್ದು ಬಂತು. ಅಡಿಯಲ್ಲಿ ಸಿಮೆಂಟಿನ ಬಿಳಿ ಪುಡಿ, ಮುಟ್ಟಿದರೆ ತಣ್ಣಗೆ. ರಂಧ್ರದಲ್ಲಿ ನೀರು ಉಳಿದೇ ಇತ್ತು.

ಈಗ ತೊಲೆಯನ್ನು ಕೆಲವು ದಿನ ಗಾಳಿಗಿಟ್ಟೇ ಮುಂದಿನ ಮಾತು. ಉಪ್ಪುಕಾಗದದಿಂದ ಹಾಲಿನಂಥ ಮೇಲ್ಪದರ ಹೋಗುವಷ್ಟು ಉಜ್ಜಿ ಅಸಿಟೋನ್‌ನಲ್ಲಿ ಒರೆಸುತ್ತೇನೆ. ಅಂಟಿನಲ್ಲಿ 0.125 ಮಿ.ಮೀ.ನ ಎರಡು ಆಪ್ಟಿಕಲ್ ಫೈಬರ್ ಎಳೆ ಸಮಾನಾಂತರವಾಗಿಟ್ಟು ಮೇಲೆ ಪ್ಯಾಚ್ ಕೂರಿಸಿ ಸಣ್ಣ ಭಾರ ಹೇರುತ್ತೇನೆ. ಅಂಟಿನ ದಪ್ಪ ಎಲ್ಲೆಡೆ ಒಂದೇ ಬರುತ್ತದೆ. ದಪ್ಪ ಅಂಟು ಮೆತ್ತನೆಯ ಹಾಸಿಗೆ ಇದ್ದಂತೆ, ತೊಲೆಯ ಸುದ್ದಿ ಪ್ಯಾಚ್‌ವರೆಗೆ ಬರುವುದೇ ಇಲ್ಲ. ಎರಡೂ ಎಲೆಕ್ಟ್ರೋಡ್ (ತಂತಿ ಬೆಸೆಯುವ ಲೋಹದ ಪದರ) ಮೇಲ್ಭಾಗಕ್ಕೆ ಮಡಚಿ ಬಂದಿರುವ ಪ್ಯಾಚನ್ನೇ ಕೊಳ್ಳಿ, ಇಲ್ಲದಿದ್ದರೆ ಕೆಳಗಿನ ತಂತಿಯೇ ಪ್ಯಾಚನ್ನು ಎತ್ತಿ ಹಿಡಿಯುತ್ತದೆ. ಬೆಸುಗೆ ಕ್ಷಣದಲ್ಲಿ ಮುಗಿಯಬೇಕು.

ಬಿಸಿಲೇರಿದರೂ ಕೆಪಾಸಿಟೆನ್ಸ್ ಏರುತ್ತದೆ. ಇದರಿಂದ ಒಮ್ಮೆ ಸರಿಯಾಗಿದ್ದ ಪ್ಯಾಚನ್ನೇ ಕಿತ್ತೆ, ಹೊಟ್ಟೆ ಉರಿಯಿತು. ಅಂದಿನಿಂದ ಪ್ರತಿ ಪ್ಯಾಚ್ ಪಕ್ಕ ಕಾಂಕ್ರೀಟಿನ ಮೇಲೇ ಪೆನ್ಸಿಲಿನಲ್ಲಿ ಎರಡು ಅಂಕಿ ಬರೆಯುತ್ತೇನೆ: ಅಂಟಿದ ಮರುದಿನದ ಕೆಪಾಸಿಟೆನ್ಸ್, ಆಗಿದ್ದ ಉಷ್ಣಾಂಶ.