ಗೋವಾದ ಜೋರು ಅಲೆಯಲ್ಲಿ ಸರ್ಫಿಂಗ್: ಮೊದಲು ಮರಳು ನೋಡಿ

ಮೇ ತಿಂಗಳ ಒಂದು ಬೆಳಿಗ್ಗೆ. ಉತ್ತರ ಗೋವಾದ ಅಶ್ವೆಂ ಬೀಚು. ಬೋರ್ಡು ಕಂಕುಳಲ್ಲಿ ಹಿಡಿದು ನೇರ ನೀರಿಗೆ ಹೊರಟಿದ್ದೆ. ಶ್ಯಾಕಿನ, ಅಂದರೆ ದಂಡೆಯ ಗುಡಿಸಲು ಹೋಟೆಲಿನ ಮುಂದೆ ಕಸ ಗುಡಿಸುತ್ತಿದ್ದ ಹುಡುಗ ಕೂಗಿದ: ‘ಅಣ್ಣಾರ, ಅಲ್ಲಿ ಇಳಿಬ್ಯಾಡ್ರಿ. ನಿನ್ನಿ ರಾತ್ರಿ ಉಸುಕೆಲ್ಲಾ ಕೊರ್ಕೊಂಡ್ ಹೋಗೈತಿ.’ ಗದಗ ಕಡೆಯ ಹುಡುಗ. ಅವನಿಗೆ ಈಜು ಬರುವುದಿಲ್ಲ. ಆದರೆ ಆರು ತಿಂಗಳಿಂದ ದಿನಾ ಅದೇ ದಂಡೆ ನೋಡುತ್ತಿದ್ದಾನೆ.

ನಿಂತು ನೋಡಿದೆ. ಹಿಂದಿನ ದಿನ ಅಲೆ ಚೆನ್ನಾಗಿ ಬಿಚ್ಚಿಕೊಳ್ಳುತ್ತಿದ್ದ ಜಾಗದಲ್ಲಿ ಈಗ ಗೋಡೆ ಬಿದ್ದ ಹಾಗೆ ಒಂದೇ ಏಟಿಗೆ ದಪ್ ಅಂತ ಬೀಳುತ್ತಿತ್ತು. ಒಳ್ಳೆ ಅಲೆ ಇನ್ನೂರು ಹೆಜ್ಜೆ ಉತ್ತರಕ್ಕೆ ಸರಿದಿತ್ತು. ಅವತ್ತಿನಿಂದ ನನಗೊಂದು ನಿಯಮ. ಅರ್ಧ ಗಂಟೆ ಮರಳು ನೋಡದೆ ನೀರಿಗೆ ಕಾಲಿಡುವುದಿಲ್ಲ. ಈ ಲೇಖನದ ಮುಖ್ಯ ಭಾಗ ಆ ಅರ್ಧ ಗಂಟೆಯದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಹೊಸಬರಿಗಲ್ಲ. ಮೂಲ್ಕಿಯಲ್ಲೋ ಸಸಿಹಿತ್ಲುವಿನಲ್ಲೋ ಕಲಿತು, ಒಡೆಯದ ಹಸಿರು ಅಲೆಯನ್ನು ಎಡಕ್ಕೂ ಬಲಕ್ಕೂ ಓಡಿಸಬಲ್ಲವರಿಗೆ. ಡಕ್ ಡೈವ್, ಅಂದರೆ ಬೋರ್ಡಿನ ಸಮೇತ ಅಲೆಯ ಕೆಳಗೆ ಮುಳುಗಿ ದಾಟುವುದು, ಯೋಚಿಸದೆ ಬರಬೇಕು. ಬೋರ್ಡು ಕೈತಪ್ಪಿದರೆ ಅರ್ಧ ಕಿಲೋಮೀಟರ್ ಈಜಿ ದಡ ಸೇರುವ ಶಕ್ತಿ ಇರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಡಿಸೆಂಬರ್, ಜನವರಿಯಲ್ಲಿ ಬನ್ನಿ. ಆಗ ಗೋವಾದ ಸಮುದ್ರ ಸಾಧು. ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ.

ಬೀಚ್ ಬ್ರೇಕ್ ಅಂದರೆ

ಕೆಲವು ಕಡೆ ಅಲೆ ಬಂಡೆಯ ಮೇಲೆ ಒಡೆಯುತ್ತದೆ, ಕೆಲವು ಕಡೆ ಹವಳದ ದಿಬ್ಬದ ಮೇಲೆ. ಅಲ್ಲಿ ತಳ ಬದಲಾಗುವುದಿಲ್ಲ, ಅಲೆಯೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಏಳುತ್ತದೆ. ಬೀಚ್ ಬ್ರೇಕಿನಲ್ಲಿ ತಳ ಬರೀ ಮರಳು. ನೀರಿನೊಳಗೆ ಮರಳಿನ ದಿಬ್ಬಗಳಿರುತ್ತವೆ. ಅಲೆ ಆ ದಿಬ್ಬಕ್ಕೆ ಎಡವಿ ಮುಗ್ಗರಿಸಿ ಬೀಳುತ್ತದೆ. ದಿಬ್ಬ ಸರಿದರೆ ಅಲೆಯೂ ಸರಿಯುತ್ತದೆ.

ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಒಂದೂವರೆ ಮೀಟರ್ ಅಲೆ ಒಡೆಯುತ್ತಿದೆ ಅಂದರೆ ಅಲ್ಲಿ ಆಳ ಹೆಚ್ಚೆಂದರೆ ಎರಡು ಮೀಟರ್. ಅಲೆ ಏಳುವಾಗ ತನ್ನ ಮುಂದಿನ ನೀರನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ನೀವು ಬೀಳುವ ಜಾಗದಲ್ಲಿ ನೀರು ಇನ್ನೂ ಕಡಿಮೆ. ‘ಮರಳು ತಾನೇ, ಮೆತ್ತಗಿರುತ್ತೆ’ ಅನ್ನುವವರಿದ್ದಾರೆ. ಒದ್ದೆ ಮರಳಿನ ದಿಬ್ಬ ಮೆತ್ತಗಿರುವುದಿಲ್ಲ. ಸಿಮೆಂಟಿನ ಹಾಗೆ ಗಟ್ಟಿ.

ಒಲಿಂಪಿಕ್ಸಿನಲ್ಲಿ ಸರ್ಫಿಂಗ್ ಮೊದಲ ಸಲ ನಡೆದದ್ದು 2021ರಲ್ಲಿ, ಜಪಾನಿನ ತ್ಸುರಿಗಾಸಾಕಿಯಲ್ಲಿ. ಅದೂ ಬೀಚ್ ಬ್ರೇಕೇ. ಫೈನಲಿನಲ್ಲಿ ಬ್ರೆಜಿಲಿನ ಇಟಾಲೊ ಫೆರೇರಾ ಅವರ ಬೋರ್ಡು ಶುರುವಿನಲ್ಲೇ ಮುರಿಯಿತು. ಬೇರೆ ಬೋರ್ಡು ತಂದು ಚಿನ್ನ ಗೆದ್ದರು. ಅಂಥವರ ಬೋರ್ಡೇ ಮುರಿಯುತ್ತದೆ ಅಂದಮೇಲೆ ಮರಳಿನ ಮೇಲೆ ಬೀಳುವ ನೀರಿನ ತೂಕ ಎಷ್ಟು ಅಂತ ಯೋಚಿಸಿ. ಒಂದು ಘನ ಮೀಟರ್ ಸಮುದ್ರದ ನೀರು ಸಾವಿರ ಕಿಲೋಗಿಂತ ಜಾಸ್ತಿ ತೂಗುತ್ತದೆ.

ಹಂತ 1: ಮನೆಯಲ್ಲೇ ಮುನ್ಸೂಚನೆ ನೋಡಿ

ಗೋವಾದಲ್ಲಿ ಜೋರು ಅಲೆ ಸಿಗುವುದು ಏಪ್ರಿಲಿನಿಂದ ಮಳೆ ಹಿಡಿಯುವವರೆಗೆ, ಆಮೇಲೆ ಮಳೆ ಇಳಿಮುಖವಾದ ಮೇಲೆ ಕೆಲವು ವಾರ. ನಡುವಿನ ಮಳೆಗಾಲವನ್ನು ಬಿಟ್ಟುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆ. ಹುಟ್ಟಿನಿಂದ ಸಮುದ್ರದ ಜೊತೆ ಬೆಳೆದವರೇ ದೋಣಿ ಮೇಲೆತ್ತಿಟ್ಟು ಬಲೆ ಹೊಲಿಯುತ್ತಾ ಕೂರುವ ಕಾಲ ಅದು. ಬೀಚಿನಲ್ಲಿ ಜೀವರಕ್ಷಕರು ಕೆಂಪು ಬಾವುಟ ನೆಟ್ಟಿದ್ದರೆ ಆ ದಿನದ ಮಾತು ಅಲ್ಲಿಗೇ ಮುಗಿಯಿತು. ಅವರ ಹತ್ತಿರ ವಾದ ಮಾಡಬೇಡಿ.

ಮುನ್ಸೂಚನೆಯಲ್ಲಿ ಎಲ್ಲರೂ ಅಲೆಯ ಎತ್ತರ ನೋಡುತ್ತಾರೆ. ನೀವು ಅದರ ಪಕ್ಕದ ಅಂಕಿ ನೋಡಿ. ಒಂದು ಅಲೆಗೂ ಮುಂದಿನದಕ್ಕೂ ಎಷ್ಟು ಸೆಕೆಂಡ್ ಅಂತರ ಅನ್ನುವುದು ಅದು. 7 ಸೆಕೆಂಡಿನ ಅಲೆ ಅಂದರೆ ಹತ್ತಿರದ ಗಾಳಿ ಎಬ್ಬಿಸಿದ್ದು, ಆಳದ ನೀರಿನಲ್ಲಿ ಅದರ ಉದ್ದ ಸುಮಾರು 76 ಮೀಟರ್. 14 ಸೆಕೆಂಡಿನದು ದೂರದಿಂದ ಬಂದದ್ದು, ಅದರ ಉದ್ದ 300 ಮೀಟರ್ ದಾಟುತ್ತದೆ. ಎರಡರ ಎತ್ತರವೂ ಒಂದು ಮೀಟರ್ ಅಂತಲೇ ಬರೆದಿರಬಹುದು. ಆದರೆ ಎರಡನೆಯದರ ಹಿಂದೆ ಇರುವ ನೀರಿನ ತಳ್ಳು ಬಹಳ ಜಾಸ್ತಿ. ದಿಬ್ಬಕ್ಕೆ ಬಂದಾಗ ಅದು ಇನ್ನೂ ಎತ್ತರಕ್ಕೆ ಏಳುತ್ತದೆ.

ಮೇ ತಿಂಗಳಲ್ಲಿ ಬರುವ ಇಂಥ ಉದ್ದ ಅಲೆಗಳು ಎಷ್ಟೋ ಸಲ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿ, ಹಲವು ದಿನ ಸಾಗಿ ಇಲ್ಲಿಗೆ ಮುಟ್ಟುತ್ತವೆ. ಇಲ್ಲಿ ಗಾಳಿಯೇ ಇರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ, ಅಲೆ ಮಾತ್ರ ದೊಡ್ಡದು. ಕೇರಳದವರು ಇದನ್ನು ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇಂಥ ಅಲೆಗಳಿಗೆ ಎಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ರಾತ್ರಿ ಅದನ್ನು ನೋಡಲೇಬೇಕು.

ಗಾಳಿಯ ವಿಷಯ ಸರಳ. ಗೋವಾದ ಬೀಚುಗಳ ಮುಖ ಪಶ್ಚಿಮಕ್ಕೆ. ಬೆಳಗಿನ ಜಾವ ನೆಲದಿಂದ ಸಮುದ್ರದ ಕಡೆ ತೆಳು ಗಾಳಿ ಬೀಸುತ್ತದೆ, ಅಲೆಯ ಮುಖವನ್ನು ಎತ್ತಿ ಹಿಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಶುರುವಾಗಿ ಎಲ್ಲ ಕಲಸಿಹೋಗುತ್ತದೆ. ಆದ್ದರಿಂದ ಬೇಗ ಏಳಿ.

ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ಎರಡರ ನಡುವಿನ ವ್ಯತ್ಯಾಸ ಎರಡು ಮೀಟರ್ ಆಸುಪಾಸು. ಪೂರ್ತಿ ಇಳಿತದಲ್ಲಿ ದಿಬ್ಬದ ಮೇಲೆ ನೀರೇ ಇರುವುದಿಲ್ಲ. ಪೂರ್ತಿ ಉಬ್ಬರದಲ್ಲಿ ಅಲೆ ದಿಬ್ಬ ದಾಟಿ ಬಂದು ದಂಡೆಗೇ ಬಡಿಯುತ್ತದೆ. ನನಗೆ ಹೆಚ್ಚು ಸಲ ಒದಗಿಬಂದದ್ದು ಇಳಿತ ಮುಗಿದು ನೀರು ಏರುತ್ತಿರುವಾಗಿನ ಎರಡು ಗಂಟೆ.

ಹಂತ 2: ದಂಡೆಯ ಮೇಲಿನ ಅರ್ಧ ಗಂಟೆ

ಎತ್ತರದ ಜಾಗ ಹುಡುಕಿ. ಮರಳ ದಿಣ್ಣೆ ಆಗಬಹುದು, ಶ್ಯಾಕಿನ ಮೆಟ್ಟಿಲು ಆಗಬಹುದು. ಬೋರ್ಡು ಕೆಳಗಿಡಿ. ಕೈಯಲ್ಲಿ ಬೋರ್ಡು ಇದ್ದರೆ ಕಾಲು ನಿಲ್ಲುವುದಿಲ್ಲ.

ಮೊದಲು ಬಿಳಿ ಎಲ್ಲಿದೆ ನೋಡಿ. ಪದೇ ಪದೇ ಒಂದೇ ಜಾಗದಲ್ಲಿ ನೊರೆ ಏಳುತ್ತಿದ್ದರೆ ಅಲ್ಲಿ ದಿಬ್ಬ ಇದೆ. ಎರಡು ಬಿಳಿ ಪಟ್ಟೆಗಳ ನಡುವೆ ನೀರು ಕಪ್ಪಗೆ, ಅಲೆ ಒಡೆಯದೆ, ನೋಡುವುದಕ್ಕೆ ತಣ್ಣಗೆ ಕಾಣುತ್ತದಲ್ಲ, ಅದು ಕಾಲುವೆ. ದಂಡೆಗೆ ಬಂದ ನೀರೆಲ್ಲ ವಾಪಸ್ ಸಮುದ್ರಕ್ಕೆ ಹೋಗುವ ದಾರಿ. ಪ್ರವಾಸಿಗಳು ‘ಇಲ್ಲಿ ಅಲೆ ಇಲ್ಲ’ ಅಂತ ಮಕ್ಕಳನ್ನು ಇಳಿಸುವುದು ಸರಿಯಾಗಿ ಅಲ್ಲೇ. ಅದು ನೋಡಿದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತದೆ. ಯಾರಾದರೂ ಹಾಗೆ ಇಳಿಯುವುದು ಕಂಡರೆ ದಯವಿಟ್ಟು ಹೋಗಿ ಹೇಳಿ. ಕನ್ನಡದವರೇ ಇರುತ್ತಾರೆ ಎಷ್ಟೋ ಸಲ, ಹುಬ್ಬಳ್ಳಿ, ಬೆಳಗಾವಿಯಿಂದ ವಾರದ ಕೊನೆಗೆ ಬಂದವರು.

ಆಮೇಲೆ ಅಲೆ ಹೇಗೆ ಬೀಳುತ್ತದೆ ನೋಡಿ. ಮನೆಯ ಮಾಡಿನ ಹಾಗೆ ನಡುವೆ ಎದ್ದು ಎರಡೂ ಕಡೆ ಇಳಿಯುತ್ತಿದ್ದರೆ ಅದು ಪೀಕ್. ನಿಮಗೆ ಬೇಕಾದದ್ದು ಅದೇ. ಉದ್ದಕ್ಕೂ ಒಂದೇ ಸಲ ಕುಸಿದರೆ ಅದು ಕ್ಲೋಸ್ ಔಟ್. ಹತ್ತು ಅಲೆ ಎಣಿಸಿ. ಹತ್ತರಲ್ಲಿ ಏಳೆಂಟು ಕ್ಲೋಸ್ ಔಟ್ ಆದರೆ ಆ ಪೀಕ್ ಬಿಟ್ಟು ಮುಂದೆ ನಡೆಯಿರಿ. ನಡೆದರೆ ಬೇರೆ ಸಿಗುತ್ತದೆ. ಮಾಂದ್ರೆಂ, ಅಶ್ವೆಂ, ಮೊರ್ಜಿಂ ಒಂದಕ್ಕೊಂದು ಅಂಟಿಕೊಂಡ ದಂಡೆಗಳು. ಆದರೆ ಮೊರ್ಜಿಂನ ತುದಿಯಲ್ಲಿ ಶಾಪೋರಾ ನದಿ ಸಮುದ್ರ ಸೇರುತ್ತದೆ. ಅಳಿವೆಯ ಬಾಯಲ್ಲಿ ದಿಬ್ಬಗಳು ಚೆಂದ ಕಾಣುತ್ತವೆ, ಇಳಿತದ ಹೊತ್ತಿಗೆ ಅಲ್ಲಿನ ಸೆಳೆತ ಭಯಂಕರ. ಹೋಗಬೇಡಿ.

ದೊಡ್ಡ ಅಲೆಗಳು ಒಂಟಿಯಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಗುಂಪಿನಲ್ಲಿ ಎಷ್ಟು, ಎರಡು ಗುಂಪಿನ ನಡುವೆ ಎಷ್ಟು ನಿಮಿಷ, ಗಡಿಯಾರ ನೋಡಿ ಬರೆದುಕೊಳ್ಳಿ. ಅರ್ಧ ಗಂಟೆ ಬೇಕಾಗುವುದು ಇದಕ್ಕೇ. ಐದು ನಿಮಿಷ ನೋಡಿ ‘ಇವತ್ತು ಸಣ್ಣದಿದೆ’ ಅಂದವರು ಗುಂಪು ಬರುವಾಗ ನಡು ನೀರಿನಲ್ಲಿ ಸಿಕ್ಕಿಕೊಂಡಿರುತ್ತಾರೆ.

ಕೊನೆಗೆ ಬರಿಗಾಲಲ್ಲಿ ನೀರಿನ ಅಂಚಿಗೆ ಹೋಗಿ, ಮೊಣಕಾಲು ಮಟ್ಟ ಮಾತ್ರ. ಅಲೆ ವಾಪಸ್ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳು ಎಷ್ಟು ಬೇಗ ಜಾರುತ್ತದೆ ಅಂತ ಗಮನಿಸಿ. ನಿಧಾನವಾಗಿ ಪಾದ ಹೂತುಕೊಳ್ಳುತ್ತಿದ್ದರೆ ಸರಿ. ಹಿಮ್ಮಡಿಯ ಕೆಳಗೆ ಸರ್ರಂತ ಹಳ್ಳ ಬಿದ್ದು ನೀವೇ ಹಿಂದಕ್ಕೆ ವಾಲಿದರೆ ದಂಡೆ ಕಡಿದಾಗಿದೆ, ಒಳಸೆಳೆತ ಜೋರಾಗಿದೆ ಅಂತ ಅರ್ಥ. ನಾನು ನಂಬುವುದು ಈ ಹಿಮ್ಮಡಿಯನ್ನು.

ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರೆ ದೂರ ಇರಿ. ಅವರ ಹೊಟ್ಟೆಪಾಡು ಅದು, ಜೊತೆಗೆ ಬೋರ್ಡನ್ನು ನಿಮ್ಮ ಕಾಲಿಗೆ ಕಟ್ಟಿದ ಹಗ್ಗ ಬಲೆಗೆ ಸಿಕ್ಕಿದರೆ ಬಿಡಿಸಿಕೊಳ್ಳುವುದು ಕಷ್ಟ. ಮೊರ್ಜಿಂ, ಅಗೊಂದಾ ಕಡೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಬೇಲಿ ಹಾಕಿದ ಜಾಗ ತುಳಿಯಬೇಡಿ.

ಹಂತ 3: ಬೋರ್ಡು, ಹಗ್ಗ

ಬೋರ್ಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಿನಾ ಬಳಸುವುದಕ್ಕಿಂತ ಎರಡು ಮೂರು ಇಂಚು ಉದ್ದ, ಮೂತಿ ಸ್ವಲ್ಪ ಮೇಲೆ ಬಾಗಿದ್ದು, ತಳದಲ್ಲಿ ಮೂರು ಫಿನ್ (ಮೀನಿನ ರೆಕ್ಕೆಯಂಥದ್ದು) ಇರುವುದು ಸಾಕು.

ಕಾಲಿಗೆ ಕಟ್ಟುವ ಲೀಶ್ ವಿಷಯ ಹಾಗಲ್ಲ. ಒಮ್ಮೆ ಒಂದು ಅಂಗಡಿಯವರು ಹೊಸದು ಅಂತ ಹೇಳಿ ಹಳೆಯದನ್ನು ಕೊಟ್ಟಿದ್ದರು. ಮೂರನೇ ಅಲೆಗೇ ಕಿತ್ತುಹೋಯಿತು. ಇಪ್ಪತ್ತು ನಿಮಿಷ ಈಜಿ ದಡ ಸೇರಿದೆ. ಈಗ ಪ್ರತಿ ಸಲ ಹೆಬ್ಬೆರಳಿನ ಉಗುರನ್ನು ಹಗ್ಗದ ಉದ್ದಕ್ಕೂ ಎಳೆಯುತ್ತೇನೆ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ. ತಿರುಗುವ ಕೊಂಡಿಯಲ್ಲಿ ತುಕ್ಕಿದ್ದರೆ ಎಸೆಯಿರಿ. ಹಗ್ಗ ನಿಮ್ಮ ಬೋರ್ಡಿನಷ್ಟಾದರೂ ಉದ್ದ ಇರಲಿ.

ಹಂತ 4: ಹೊರಗೆ ಹೋಗುವುದು

ಜನರನ್ನು ಮುಳುಗಿಸುವ ಅದೇ ಕಾಲುವೆ ಸರ್ಫರಿಗೆ ದಾರಿ. ಅದರಲ್ಲೇ ಹೋಗಿ. ದೊಡ್ಡ ಗುಂಪಿನ ಕೊನೆಯ ಅಲೆ ಒಡೆದ ತಕ್ಷಣ ಹೊರಡಿ, ಮಧ್ಯೆ ನಿಲ್ಲಬೇಡಿ.

ಎದುರಿಗೆ ಅಲೆ ಬಂದರೆ ಡಕ್ ಡೈವ್. ಸಾಮಾನ್ಯ ತಪ್ಪು ತಡವಾಗಿ ಮುಳುಗುವುದು. ನೊರೆ ಇನ್ನೂ ಎರಡು ಮೀಟರ್ ದೂರ ಇರುವಾಗಲೇ ಎರಡೂ ಕೈ ನೇರ ಮಾಡಿ ಬೋರ್ಡಿನ ಮೂತಿ ಒತ್ತಿ. ಮೂತಿ ಮುಳುಗಿದ ಮೇಲೆ ಪಾದದಿಂದ ಹಿಂಭಾಗ ಒತ್ತಿ. ಕಣ್ಣು ತೆರೆದಿರಲಿ, ಉರಿಯುತ್ತದೆ, ಪರವಾಗಿಲ್ಲ. ಮೇಲೆ ಬಿಳಿ ಮೋಡದ ಹಾಗೆ ನೊರೆ ಉರುಳಿ ಹೋಗುವುದು ಕಾಣುತ್ತದೆ. ಅದು ದಾಟಿ ಬೆಳಕು ಬಂದಾಗ ಮೂತಿ ಮೇಲೆತ್ತಿ. ಬೋರ್ಡು ಎಸೆದು ಮುಳುಗುವ ಅಭ್ಯಾಸ ಬೇಡ. ಹಿಂದೆ ಯಾರ ತಲೆ ಇದೆಯೋ ಗೊತ್ತಿರುವುದಿಲ್ಲ.

ಹೊರಗೆ ಮುಟ್ಟಿದ ಮೇಲೆ ದಂಡೆಯ ಎರಡು ಗುರುತು ಹಿಡಿಯಿರಿ. ಒಂದು ತೆಂಗಿನ ಮರ, ಅದರ ಹಿಂದಿನ ಒಂದು ಮಾಡು. ಎರಡೂ ಒಂದೇ ಗೆರೆಯಲ್ಲಿದ್ದರೆ ನೀವು ಜಾಗದಲ್ಲೇ ಇದ್ದೀರಿ. ಬೇರೆಯಾದರೆ ಸೆಳೆತ ನಿಮ್ಮನ್ನು ಸರಿಸುತ್ತಿದೆ.

ಹಂತ 5: ಏಳುವುದು, ಬೀಳುವುದು

ಪೀಕಿಗೆ ಹತ್ತಿರ ಇರುವವರದು ಅಲೆ. ಇನ್ನೊಬ್ಬರು ಎದ್ದ ಅಲೆಗೆ ಅಡ್ಡ ಹೋಗಬಾರದು. ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಜೋರು ಬೀಚ್ ಬ್ರೇಕಿನಲ್ಲಿ ಅಲೆ ಯೋಚಿಸಲು ಸಮಯ ಕೊಡುವುದಿಲ್ಲ. ನೇರ ಕೆಳಗೆ ಇಳಿದರೆ ಮೂತಿ ಮರಳಿಗೆ ಹೂಳುತ್ತದೆ. ಆದ್ದರಿಂದ ಅಲೆ ಹಿಡಿಯಲು ಕೈಯಿಂದ ನೀರು ತಳ್ಳುವಾಗಲೇ ಬೋರ್ಡನ್ನು ಹೋಗಬೇಕಾದ ಕಡೆಗೆ ಓರೆ ಮಾಡಿಕೊಳ್ಳಿ. ಅಂಗೈ ಪಕ್ಕೆಲುಬಿನ ಪಕ್ಕ, ಬೋರ್ಡಿನ ಮೇಲೆ ಚಪ್ಪಟೆ. ಒಂದೇ ಚಲನೆಯಲ್ಲಿ ಎದ್ದುಬಿಡಿ. ನೋಟ ಅಲೆಯ ಮುಂದಿನ ಭುಜದ ಮೇಲೆ, ಅಂದರೆ ಇನ್ನೂ ಒಡೆಯದ ಭಾಗದ ಮೇಲೆ. ಕೆಳಗೆ ನೋಡಿದರೆ ಕೆಳಗೇ ಹೋಗುತ್ತೀರಿ. ಅನುಮಾನ ಬಂದರೆ ಏಳುವ ಮೊದಲೇ ಬೋರ್ಡಿನ ಮೇಲೆ ಕೂತು ಮೂತಿ ಹಿಂದಕ್ಕೆಳೆದು ಬಿಟ್ಟುಬಿಡಿ. ಅರ್ಧ ಮನಸ್ಸಿನಿಂದ ಎದ್ದವರೇ ಜಾಸ್ತಿ ಪೆಟ್ಟು ತಿನ್ನುವುದು.

ಬಿದ್ದೇ ಬೀಳುತ್ತೀರಿ. ತಲೆ ಮುಂದಾಗಿ ಹಾರಬೇಡಿ, ಯಾವತ್ತೂ. ಕುತ್ತಿಗೆಗೆ ಆಗುವ ಗಾಯ ಸರಿಪಡಿಸಲು ಬರುವುದಿಲ್ಲ. ಕೈಕಾಲು ಹರಡಿ, ಚಪ್ಪಟೆಯಾಗಿ, ಬೆನ್ನು ಅಥವಾ ಪಕ್ಕೆ ಮೇಲೆ ಬೀಳಿ. ನೀರು ಮುಚ್ಚಿದ ತಕ್ಷಣ ಎರಡೂ ತೋಳಲ್ಲಿ ತಲೆ ಅಪ್ಪಿಕೊಳ್ಳಿ. ಒದ್ದಾಡಬೇಡಿ, ಎಣಿಸಿ. ಸಾಮಾನ್ಯವಾಗಿ ಹತ್ತು ಎಣಿಸುವುದರೊಳಗೆ ಅಲೆ ಬಿಡುತ್ತದೆ. ಮೇಲೆ ಬರುವಾಗ ಒಂದು ಕೈ ತಲೆಯ ಮೇಲಿರಲಿ, ಬೋರ್ಡು ಅಲ್ಲೇ ಇರಬಹುದು. ಉಸಿರು ಹಿಡಿಯುವ ಅಭ್ಯಾಸವನ್ನು ಈಜುಕೊಳದಲ್ಲಿ ಒಬ್ಬರೇ ಮಾಡಬೇಡಿ. ನೀರಿನಡಿಯಲ್ಲೇ ಪ್ರಜ್ಞೆ ತಪ್ಪಿ ಸತ್ತವರಿದ್ದಾರೆ.

ಸೆಳೆತ ಹಿಡಿದರೆ ದಡದ ಕಡೆ ಗುದ್ದಾಡಬೇಡಿ. ಬೋರ್ಡು ಬಿಡಬೇಡಿ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಕೈ ಹಾಕಿ, ನೊರೆ ಏಳುವ ಕಡೆ ಸೇರಿ, ಆ ನೊರೆಯೇ ನಿಮ್ಮನ್ನು ಒಳಗೆ ತರುತ್ತದೆ. ಸುಸ್ತಾಗಿದ್ದರೆ ಬೋರ್ಡಿನ ಮೇಲೆ ಕೂತು ಕೈ ಎತ್ತಿ ಬೀಸಿ, ಜೀವರಕ್ಷಕರಿಗೆ ಕಾಣುತ್ತದೆ.

ಹಂತ 6: ಹೊರಬರುವುದು

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಪೆಟ್ಟು ಬೀಳುವುದು ಇಲ್ಲೇ. ದಂಡೆಗೆ ಬಡಿಯುವ ಕೊನೆಯ ಅಲೆ ಸಣ್ಣದಾದರೂ ಮೊಣಕಾಲು ಆಳದ ನೀರಿನಲ್ಲಿ ಬೀಳುತ್ತದೆ. ಅದರ ಹೊರಗೇ ಕೂತು ಒಂದು ಗುಂಪು ಹೋಗಲು ಬಿಡಿ. ನಂತರ ಒಂದು ಸಣ್ಣ ನೊರೆಯ ಮೇಲೆ ಹೊಟ್ಟೆಯಲ್ಲೇ ಮಲಗಿ ಬನ್ನಿ. ಕಾಲು ಮುಟ್ಟಿದ ತಕ್ಷಣ ಇಳಿದು ಬೋರ್ಡನ್ನು ಪಕ್ಕಕ್ಕೆ ಹಿಡಿಯಿರಿ. ಅಲೆಗೂ ನಿಮಗೂ ನಡುವೆ ಬೋರ್ಡು ಬಂದರೆ ಅದು ನೇರ ನಿಮ್ಮ ಹಲ್ಲಿಗೆ. ಸಮುದ್ರಕ್ಕೆ ಬೆನ್ನು ಹಾಕದೆ, ಅಲೆಯ ಕಡೆ ನೋಡುತ್ತಾ ಒಣ ಮರಳಿನವರೆಗೆ ನಡೆಯಿರಿ. ಲೀಶ್ ಬಿಚ್ಚುವುದು ಅಲ್ಲಿ ಕೂತ ಮೇಲೆ.